ಆದರ್ಶ ತಾಯಿಯ ಶಾಲು ನನಗೆ ಬೇಡ

ಮಾನ್ಯ ಆಯ್ಕೆ ಸಮಿತಿ ಅಧ್ಯಕ್ಷರೇ,

ಮಲ್ಪೆ ಬಂದರಿನ ಬದುಕನ್ನು ಒಂದು ವರ್ಷ ಕ್ಯಾಮೆರಾದಲ್ಲಿ ದಾಖಲಿಸುವ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ. ಕೆಲಸ ಸಿಗಲಿಲ್ಲ, ಬದಲಿಗೆ ತಾವು ನನಗೆ 'ಆದರ್ಶ ತಾಯಿ' ಪ್ರಶಸ್ತಿ ಘೋಷಿಸಿದ್ದೀರಿ. ಅಕ್ಕಿ ಕೇಳಿದವಳಿಗೆ ಅರಸಿನ ಕುಂಕುಮ ಕೊಟ್ಟು ಕಳುಹಿಸುವ ಈ ಔದಾರ್ಯಕ್ಕೆ ಏನು ಹೇಳಲಿ? ಆ ಗೌರವ ನನಗೆ ಬೇಡ. ಅದನ್ನು ನಾಲ್ಕು ಜನರ ಎದುರಿಗೇ ಹೇಳಬೇಕೆಂದು ಈ ಬಹಿರಂಗ ಪತ್ರ.

ಸಂದರ್ಶನ ನೆನಪಿದೆಯೇ? ಉಡುಪಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಐವರು ಗಂಭೀರವಾಗಿ ಕುಳಿತಿದ್ದಿರಿ. ನನ್ನ ಹತ್ತು ವರ್ಷದ ಕೆಲಸದ ವಿವರ ನಿಮ್ಮ ಮುಂದಿನ ಕಡತದಲ್ಲಿತ್ತು. ಮೊದಲ ಪ್ರಶ್ನೆ: "ಮಕ್ಕಳೆಷ್ಟು?" ಇಬ್ಬರು ಎಂದೆ, ತೃಷಾಗೆ ಏಳು, ಉಜ್ವಲನಿಗೆ ಎರಡೂವರೆ. "ಯಜಮಾನರು?" ಆಳಸಮುದ್ರದ ಬೋಟಿನಲ್ಲಿದ್ದಾರೆ, ಹೋದರೆ ಹತ್ತು ದಿನ ಬರುವುದಿಲ್ಲ ಎಂದೆ. "ಹಾಗಾದ್ರೆ ನೀವು ಬೆಳಗಾಗುವ ಮೊದಲೇ ಬಂದರಿಗೆ ಹೋದ್ರೆ ಮಕ್ಕಳನ್ನು ನೋಡಿಕೊಳ್ಳುವುದು ಯಾರಮ್ಮ?" ಎಂದು ಮರುಗಿದಿರಿ. ಅಷ್ಟು ಕಾಳಜಿಯನ್ನು ನನ್ನ ಅತ್ತೆಯೂ ತೋರಿಸಿದವರಲ್ಲ. ಹೊರಗೆ ಬಂದವಳೇ, ನನಗಿಂತ ಮೊದಲು ಒಳಹೋಗಿದ್ದ ಕಾರ್ಕಳದ ಶೆಲ್ಡನ್ ಅವರಲ್ಲಿ ವಿಚಾರಿಸಿದೆ.

"ನಿಮ್ಮತ್ರ ಎಂತ ಕೇಳಿದ್ರು?"

"ಯಾವ ಲೆನ್ಸ್ ಬಳಸ್ತೀರಿ ಅಂತ."

"ಮಕ್ಕಳ ಬಗ್ಗೆ?"

"ಇಲ್ಲ ಮಾರಾಯ್ರೆ. ನನಗೆ ಮೂರು ಮಕ್ಕಳು ಉಂಟು ಅಂತ ಅವರಿಗೆ ಗೊತ್ತೇ ಇಲ್ಲ."

ಆಯ್ಕೆಯಾದದ್ದು ಅವರೇ. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸಗಾರ. ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ, ದೂರಿಲ್ಲ. ಆದರೆ ಗಂಡಸಿನ ಮಕ್ಕಳು ತಮ್ಮಷ್ಟಕ್ಕೆ ತಾವೇ ಬೆಳೆಯುತ್ತವೆ ಎಂಬ ಜ್ಞಾನ ನಿಮಗೆ ಯಾವ ಸುತ್ತೋಲೆಯಲ್ಲಿ ಬಂತು?

ಮಕ್ಕಳನ್ನು ನೋಡಿಕೊಳ್ಳುವುದು ಯಾರು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈಗ ಕೇಳಿ. ತೃಷಾ ಪಕ್ಕದ ಮನೆಯ ಮನೋರಮಕ್ಕನ ಬಳಿ ಇರುತ್ತಾಳೆ. ಉಜ್ವಲ್ ನನ್ನ ಜೊತೆ ಬಂದರಿಗೇ ಬರುತ್ತಾನೆ. ಮೊದಲೆಲ್ಲ ನಾನೊಬ್ಬಳೇ ಹೋದಾಗ ಮೀನು ಮಾರುವ ಹೆಂಗಸರು ಕ್ಯಾಮೆರಾ ಕಂಡೊಡನೆ ಸೆರಗು ಸರಿಮಾಡಿಕೊಂಡು, ಆಧಾರ್ ಕಾರ್ಡಿನ ಫೋಟೋಕ್ಕೆ ಕೂತವರ ಹಾಗೆ ಬಿಗಿದುಕೊಳ್ಳುತ್ತಿದ್ದರು. ಸೊಂಟದ ಮೇಲೆ ಮಗುವನ್ನು ಕಂಡ ದಿನ ಅವರಲ್ಲೊಬ್ಬರಾದ ನಳಿನಾಕ್ಷಿ ಅಕ್ಕ, "ಅವನನ್ನು ಇಲ್ಲಿ ಕೊಡು ಮಾರಾಯ್ತಿ, ನೀನು ನಿನ್ನ ಕೆಲಸ ನೋಡು" ಎಂದು ಎತ್ತಿಕೊಂಡು, ಬಂಗುಡೆಯ ಏಲಂನಲ್ಲಿ ಹಾಗೆಯೇ ದರ ಕೂಗಿದರು. ಅವನು ಮೂಗುತಿ ಎಳೆಯುತ್ತಿದ್ದ, ಅವರು ಬೈದುಕೊಂಡೇ ನಗುತ್ತಿದ್ದರು. ಕ್ಯಾಮೆರಾ ಯಾರ ನೆನಪಿನಲ್ಲೂ ಇರಲಿಲ್ಲ. ನಾನು ಈವರೆಗೆ ತೆಗೆದ ಚಿತ್ರಗಳಲ್ಲೇ ಅತ್ಯುತ್ತಮವಾದದ್ದು ಆಗ ತೆಗೆದದ್ದು. ನೀವು ಅಡ್ಡಿ ಎಂದುಕೊಂಡ ಮಗುವಿನಿಂದಲೇ ಅದು ಸಿಕ್ಕಿತು.

ಎಲ್ಲ ದಿನವೂ ಹಾಗಲ್ಲ, ಸುಳ್ಳು ಯಾಕೆ? ಅವನು ಹಟ ಹಿಡಿದು ಅತ್ತು, ಒಂದೂ ಚಿತ್ರವಿಲ್ಲದೆ ಬಸ್ಸು ಹತ್ತಿದ್ದುಂಟು. ಕೆಲಸದ ನಡುವೆ ತೃಷಾಳ ಶಾಲಾ ವಾರ್ಷಿಕೋತ್ಸವ ತಪ್ಪಿಸಿಕೊಂಡಿದ್ದೇನೆ. ಅವಳು ಎರಡು ದಿನ ಮಾತಾಡಲಿಲ್ಲ, ನಾನು ಬಚ್ಚಲಲ್ಲಿ ಅತ್ತೆ. ಆ ನೋವು ನನಗೂ ನನ್ನ ಮಗಳಿಗೂ ಸೇರಿದ್ದು. ಅದನ್ನು ಅನರ್ಹತೆ ಎಂದು ಬರೆದುಕೊಳ್ಳಲು ನಿಮಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ಇನ್ನು ಪ್ರಶಸ್ತಿ. 'ಕಲೆ ಮತ್ತು ಸಂಸಾರ ಎರಡನ್ನೂ ಸಮರ್ಥವಾಗಿ ತೂಗಿಸಿದ್ದಕ್ಕಾಗಿ' ಎಂದು ಪತ್ರದಲ್ಲಿದೆ. ಅಷ್ಟು ಸಮರ್ಥಳಾದರೆ ಕೆಲಸ ಯಾಕೆ ಕೊಡಲಿಲ್ಲ ಸ್ವಾಮಿ? ಮೊನ್ನೆ ಮಣಿಪಾಲದ ಸಮಾರಂಭಕ್ಕೆ ಕರೆಯಲು ಕಚೇರಿಯಿಂದ ಫೋನ್ ಬಂತು: "ಮೇಡಂ, ಚಿಕ್ಕ ಮಕ್ಕಳನ್ನು ಕರ್ಕೊಂಡು ಬರ್ಬೇಡಿ, ಸಭೆಯಲ್ಲಿ ಗಲಾಟೆ ಆಗ್ತದೆ." ಆದರ್ಶ ತಾಯಿಯ ಸನ್ಮಾನಕ್ಕೆ ಮಕ್ಕಳಿಗೆ ಪ್ರವೇಶವಿಲ್ಲ! ಹಾಗಾದರೆ ಆ ಸಂಜೆ ನನ್ನ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಶಾಲು, ಹಣ್ಣಿನ ಬುಟ್ಟಿ ಬೇರೆಯವರಿಗೆ ಕೊಡಿ. ಸಂದರ್ಶನ ಮತ್ತೊಮ್ಮೆ ನಡೆಸಿ. ಮಕ್ಕಳ ವಿಚಾರ ಕೇಳುವುದಾದರೆ ಎಲ್ಲರಲ್ಲೂ ಕೇಳಿ, ಇಲ್ಲವೇ ಯಾರಲ್ಲೂ ಕೇಳಬೇಡಿ. ನನ್ನ 'ಚಿತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸಿ' ಅರ್ಜಿ ತಿರಸ್ಕರಿಸಿದ್ದಾಗಿ ಬರೆದಿದ್ದೀರಿ. ಅರ್ಜಿಯೊಂದಿಗೆ ನಾನು ಕಳುಹಿಸಿದ್ದ, ನೀವು ಹಿಂದಿರುಗಿಸಿದ ಹನ್ನೆರಡು ಚಿತ್ರಗಳ ಲಕೋಟೆ ಕಳೆದ ವಾರ ಕೈಸೇರಿತು. ನಾನು ಹಚ್ಚಿದ ಅಂಟು ಹಾಗೆಯೇ ಇತ್ತು. ಅದೇ ಲಕೋಟೆಯನ್ನು ಈ ಪತ್ರದೊಂದಿಗೆ ಪುನಃ ಕಳುಹಿಸುತ್ತಿದ್ದೇನೆ.

ಈ ಸಲ ಒಡೆದು ನೋಡಿ.

ಇಂತಿ,
ನಿಮ್ಮ ಕಡತದಲ್ಲಿ ಇಬ್ಬರು ಮಕ್ಕಳ ತಾಯಿ ಮಾತ್ರವಾಗಿರುವ,
ಚೈತನ್ಯಾ, ಛಾಯಾಗ್ರಾಹಕಿ
ಉಚ್ಚಿಲ, ಕಾಪು ತಾಲ್ಲೂಕು