ಕೆಳಹಿತ್ತಲಿನ ಮಂಗಮೋರೆ ಹೂವು

ಉಳಿಕೆ ಸಂವತ್ಸರ, ಮಾಘ ಬಹುಳ ಹದಿನೇಳು, ಚಿತ್ರದುರ್ಗ.

ಕೋಟೆಗುಡ್ಡದ ತಪ್ಪಲಲ್ಲಿ ಈಗ ಸಂಸಾರ ಹೂಡಿರುವ ಹಿರಿಯರಿಗೆ, ಅದೇ ಜಾಗದಲ್ಲಿ ನಿಮಗಿಂತ ಇನ್ನೂರೈವತ್ತು ವರ್ಷ ತರುವಾಯ ಮನೆ ಮಾಡಿರುವ ಸಣ್ಣೋಬಮ್ಮನ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಅರವತ್ತು ಸಂವತ್ಸರ ನಮಗೆ ಸಾಲಲಿಲ್ಲ, ಅರವತ್ತೊಂದನೆಯದನ್ನು ಸೇರಿಸಿಕೊಂಡೆವು. ಪಕ್ಷವನ್ನೂ ಎರಡು ದಿನ ಹಿಗ್ಗಿಸಿದೆವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹಳೆ ಪೈಪು ಮಾರಿ ಬದುಕು ಕಟ್ಟಿದವಳು, ಶಾಲೆಗಿಂತ ಸಂತೆಯಲ್ಲೇ ಹೆಚ್ಚು ಕಲಿತವಳು.

ನಾವು ಮನೆಯನ್ನು ಮೇಲಕ್ಕೆ ಕಟ್ಟುವುದಿಲ್ಲ, ಕೆಳಕ್ಕೆ ಕೊರೆಯುತ್ತೇವೆ. ಬಿಸಿಲು ಅಷ್ಟಿದೆ. ಇದಕ್ಕೆ ಇಳಿಮನೆ ಎನ್ನುತ್ತೇವೆ. ಎಲ್ಲಕ್ಕಿಂತ ತಳದಲ್ಲಿ, ಬಾವಿಯಂತೆ ಆಕಾಶಕ್ಕೆ ಬಾಯಿ ತೆರೆದ ಅಂಗಳವೇ ಕೆಳಹಿತ್ತಲು. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಸೋಸಿಕೊಂಡು ಅಲ್ಲಿಗೇ ಬರುತ್ತದೆ. ತಂಪು, ಅರೆನೆರಳು, ಸದಾ ಹಸಿ. ಮಲ್ಲಿಗೆ ಅಲ್ಲಿ ಮುನಿಸಿಕೊಳ್ಳುತ್ತದೆ, ಸೇವಂತಿಗೆ ಕೊಳೆಯುತ್ತದೆ. ಕಾಲನ್ನು ನೀರಲ್ಲಿಟ್ಟುಕೊಂಡು ನಗುವುದು ಮಂಗಮೋರೆ ಹೂವೊಂದೇ. ಹಳದಿ ಮುಖ, ಕೆಂಪು ಚುಕ್ಕಿ, ಹಲ್ಲು ಕಿಸಿದ ತುಟಿ. ನೋಡಿದಾಗಲೆಲ್ಲ ನಮ್ಮ ಭಾವನವರ ನೆನಪಾಗುತ್ತದೆ.

ಎರಡು ಚಳಿಗಾಲ ಬರಿದಾಗಿದ್ದ ಕೆಳಹಿತ್ತಲನ್ನು ಕೇರಿಯ ನೀರುಕೂಟ ವಶಕ್ಕೆ ತೆಗೆದುಕೊಂಡು ತೊಟ್ಟಿ ಮಾಡುತ್ತದೆ. ಬಿತ್ತಿದ ಬೀಜ ಮೊಳೆಯದೆ ನನ್ನದು ಮೊದಲ ಚಳಿಗಾಲ ಬರಿದೇ ಹೋಯಿತು. ಕೂಟದ ಯಜಮಾನ ಪಾಲಯ್ಯ ಮೆಟ್ಟಿಲ ಮೇಲಿಂದಲೇ, “ಓಬಮ್ಮಕ್ಕ, ಕಪ್ಪೆ ಬಿಟ್ರೆ ನಿನ್ನ ಹಿತ್ಲಿಗೆ ಬಾಡಿಗೆಯೋರೇ ಇಲ್ವಲ್ಲ!” ಎಂದು ನಕ್ಕ. ಮುಂದಿನ ಚಳಿಗಾಲ ತೊಟ್ಟಿಗೆ ಅಳತೆ ಹಿಡಿಯಲು ಬರುವುದಾಗಿಯೂ ಹೇಳಿ ಹೋದ.

ಬೀಜ ಒಳ್ಳೆಯದೇ, ನೀರು ಸರಿಯೇ. ಹಾಗಿದ್ದರೆ ನಷ್ಟ ಎಲ್ಲಿ? ಎರಡನೆಯ ಚಳಿಗಾಲ ಬಿತ್ತಿದ ಮೇಲೆ ಅಲ್ಲೇ ಕುರ್ಚಿ ಹಾಕಿ ಕೂತೆ. ಆಗ ತಿಳಿಯಿತು. ಇಳಿಮನೆಗೆ ಬರುವ ನೆಂಟರು ಬರಿಗೈಯಲ್ಲಿ ಬರಬಾರದು. ನೀವು ಹಣ್ಣು ತರುವ ಹಾಗೆ ಮೇಲಿನಿಂದ ಒಂದು ಹಿಡಿ ಮಣ್ಣು ತಂದು ಕೆಳಹಿತ್ತಲಿಗೆ ಉದುರಿಸಿ ಹರಸಬೇಕು. ಈ ಹೂವಿನ ಬೀಜವೋ ನಶ್ಯದಷ್ಟು ನಯ, ಬೆಳಕು ಕಾಣದೆ ಮೊಳೆಯುವುದಿಲ್ಲ. ನನ್ನ ನೆಂಟರು ಹರಸಿ ಹರಸಿ ಅದನ್ನು ಹೂಳುತ್ತಿದ್ದರು.

ಮತ್ತೆ ಬಿತ್ತಿದೆ. ಮೆಟ್ಟಿಲ ತಲೆಯಲ್ಲೇ ಬುಟ್ಟಿ ಇಟ್ಟು, ಮಣ್ಣು ಇಲ್ಲೇ ಸುರಿಯಿರಿ ಎಂದೆ. ಅತ್ತಿಗೆ, “ನಮ್ ಮಣ್ಣೂ ಬ್ಯಾಡಾಯ್ತೇನೆ ನಿಂಗೆ? ಅಷ್ಟು ದೊಡ್ಡೋಳಾದ್ಯಾ?” ಎಂದು ಊಟ ಬಿಟ್ಟು ಎದ್ದುಹೋದಳು. ಹಸಿವಾದಾಗ ಬರುತ್ತಾಳೆ ಎಂದುಕೊಂಡೆ, ಬಂದಳು. ಅಷ್ಟರಲ್ಲಿ ಹಿತ್ತಲೆಲ್ಲ ಹಸಿರು ಹಾಸಿತ್ತು. ಶಿವರಾತ್ರಿಯ ಹೊತ್ತಿಗೆ ಮಂಗಗಳ ಸಭೆಯೇ ನೆರೆಯಿತು.

ಅಳತೆಪಟ್ಟಿ ಹಿಡಿದು ಇಳಿದ ಪಾಲಯ್ಯನ ಕೈಗೆ ಒಂದು ಹುಲ್ಲುಕಡ್ಡಿ ಕೊಟ್ಟೆ. ಹೂವಿನೊಳಗಿನ ಸೀಳುನಾಲಿಗೆಯನ್ನು ಮುಟ್ಟಿದ; ಅದು ಮೆಲ್ಲಗೆ ಮಡಚಿಕೊಂಡಿತು. ಇನ್ನೊಂದನ್ನು ಮುಟ್ಟಿದ. ಮತ್ತೊಂದನ್ನು ಮುಟ್ಟಿದ. ಅಳತೆಪಟ್ಟಿ ನೀರಿಗೆ ಬಿದ್ದದ್ದೇ ಅವನಿಗೆ ತಿಳಿಯಲಿಲ್ಲ. ಹಿತ್ತಲು ನನಗೇ ಉಳಿಯಿತು. ಹೋಗುವಾಗ ತಲೆ ಕೆರೆದುಕೊಂಡು ಬೀಜ ಕೇಳಿದ. ಕೊಟ್ಟೆ. ಅವನಿಗೆ ಕೊಟ್ಟರೆ ಕೇರಿಗೆಲ್ಲ ಹಂಚಿದಂತೆಯೇ.

ಅದು ಹೋದ ವರ್ಷದ ಮಾತು. ತೊಂದರೆ ಈಗ ಶುರು. ಎಲ್ಲರ ಮನೆಯಲ್ಲೂ ಹಳದಿ ಅರಳಿದ ಮೇಲೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? ನಿಮ್ಮ ಕಾಲದಲ್ಲಿ ಗುಲಾಬಿ ಬಣ್ಣದ್ದೂ ಇತ್ತಂತೆ. ನಮ್ಮಲ್ಲಿ ಅದು ಅಳಿದುಹೋಗಿದೆ. ದಯವಿಟ್ಟು ಅದನ್ನು ಬೆಳೆಸಿ, ಚೆನ್ನಾಗಿ ಒಣಗಿದ ಬೀಜವನ್ನು ಗಾಜಿನ ಶೀಶೆಗೆ ಹಾಕಿ, ಬಾಯಿಗೆ ಮೇಣ ಬಳಿದು, ನಿಮ್ಮ ಹಿತ್ತಲ ಹೆಬ್ಬಂಡೆಯ ಮೂಡಣ ಬುಡದಲ್ಲಿ ಹೂತಿಡಿ. ಬಂಡೆ ಇನ್ನೂ ಇಲ್ಲೇ ಇದೆ. ನೀವು ಇಟ್ಟೇ ಇಟ್ಟಿರುತ್ತೀರೆಂದು ಪಾಲಯ್ಯನ ಮುಂದೆ ಹೇಳಿಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅಗೆಯಲು ಆಳುಗಳನ್ನೂ ಗೊತ್ತು ಮಾಡಿದ್ದಾಗಿದೆ.