ಇಲ್ಲದ ಕಾಲುಚೀಲ

ಹೌಕಿಲಂಪಿ
ಗುರುವಾರ, ೧೮ ಆಗಸ್ಟ್ ೧೯೯೪

ಪ್ರೀತಿಯ ಸೊಯ್ಲೆ,

ಬೆಳಗಿನ ಜಾವ ಮೂರೂ ಇಪ್ಪತ್ತು. ಎಚ್ಚರವಾದದ್ದು ಢಣಢಣ ಸದ್ದಿಗೆ. ಕಿಟಕಿಯಿಂದ ನೋಡಿದರೆ ಹಿಮಸಾರಂಗವೊಂದು ಅತ್ತೆಯ ತಗಡಿನ ಬಕೆಟ್ಟಿನ ಹಿಡಿಕೆಗೆ ಕೊಂಬು ಸಿಕ್ಕಿಸಿಕೊಂಡು ಅಂಗಳದಲ್ಲಿ ಸುತ್ತು ಹೊಡೆಯುತ್ತಿತ್ತು. ಅತ್ತೆ ರಾತ್ರಿಯ ಅಂಗಿಯಲ್ಲೇ ರಬ್ಬರ್ ಬೂಟು ಮೆಟ್ಟಿಕೊಂಡು ಹಿಂದೆ ಓಡಿದರು. “ಬಿಡೇ ದರಿದ್ರದ್ದೇ, ಅದು ನನ್ನ ಹಣ್ಣಿನ ಬಕೆಟ್ಟು! ಕಾಫಿಗೆ ಕರೆದಿದ್ನೇನು ನಿನ್ನ?” ಬಕೆಟ್ಟು ಸಿಕ್ಕಿತು, ಸಾರಂಗ ಹೋಯಿತು, ಅತ್ತೆ ಮಲಗಿ ಆಗಲೇ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಅದಕ್ಕೇ ಅಡುಗೆಮನೆಯ ಮೇಜಿಗೆ ಬಂದು ನಿನಗೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದು ನಾಲ್ಕು ವಾರ ಆಯಿತು, ಕ್ಷಮಿಸು. ವೆನ್ಲಾಳಿಗೆ ನೀನು ಹೆಣೆದು ಕಳಿಸಿದ ಕೆಂಪು ಟೋಪಿ ಈಗಲೇ ಬಿಗಿ. ಏಳು ತಿಂಗಳಿಗೇ ತಲೆ ಅವರಪ್ಪನ ಹಾಗೆ ಬೆಳೆಯುತ್ತಿದೆ. ಕೆಳಗೆ ಎರಡು ಹಲ್ಲು ಬಂದಿವೆ. ನಿನ್ನೆ ಅವುಗಳಿಂದ ಆಸ್ಕೊನ ಮೂಗು ಕಚ್ಚಿದಳು. ಮೂರು ವಾಕ್ಯಕ್ಕಿಂತ ಹೆಚ್ಚು ಮಾತಾಡದ ನನ್ನ ಗಂಡ ಒಮ್ಮೆಗೇ ಹನ್ನೊಂದು ಮಾತಾಡಿದ. ಒಂದನ್ನೂ ಇಲ್ಲಿ ಬರೆಯುವಂತಿಲ್ಲ.

ಬರೆಯದೆ ಇದ್ದುದಕ್ಕೆ ಕಾರಣ ಇದೆ ಸೊಯ್ಲೆ. ನಗಬೇಡ. ಅಥವಾ ನಗು. ನಿನ್ನೆಯಿಂದ ನಗಬಹುದು.

ಜುಲೈ ಇಪ್ಪತ್ತೆಂಟರ ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಎಡಗಾಲಿನ ಚಪ್ಪಲಿ ಕಾಲಲ್ಲಿ ನಿಲ್ಲಲಿಲ್ಲ. ಮತ್ತೆ ಹಾಕಿದೆ, ಮತ್ತೆ ಬಿತ್ತು. ನಡೆದರೆ ಪಾದ ನೆಲಕ್ಕೆ ಪಟ್ ಎಂದು ಬಡಿಯುತ್ತಿತ್ತು, ಬಾತುಕೋಳಿಯ ಹಾಗೆ. ಬೆರಳು ಮೇಲೆತ್ತು ಎಂದರೆ ಅದು ನನ್ನ ಮಾತೇ ಕೇಳುತ್ತಿರಲಿಲ್ಲ. ಪಾದದ ಮೇಲ್ಭಾಗದಲ್ಲಿ ಸ್ಪರ್ಶವೂ ಇಲ್ಲ. ದಪ್ಪ ಉಣ್ಣೆಯ ಕಾಲುಚೀಲ ಹಾಕಿದಂತೆ ಅನಿಸುತ್ತದೆ, ಬಗ್ಗಿ ನೋಡಿದರೆ ಬರಿಗಾಲು. ಆ ಇಲ್ಲದ ಕಾಲುಚೀಲವನ್ನು ಎಷ್ಟು ಸಲ ಕಳಚಲು ಹೋಗಿದ್ದೇನೋ.

ನಾನು ಸುಮ್ಮನಿರುವವಳೇ? ಅತ್ತೆಯ ಬೀರುವಿನಿಂದ ಮನೆವೈದ್ಯದ ದಪ್ಪ ಪುಸ್ತಕ ತೆಗೆದೆ. ನರಗಳ ಮೇಲಿನ ಪೊರೆ ಸವೆಯುವ ಆ ಕಾಯಿಲೆ ಇದೆಯಲ್ಲ, ಚಿಕ್ಕ ವಯಸ್ಸಿನ ಹೆಂಗಸರಿಗೇ ಬರುವಂಥದ್ದು, ಅದರ ಪುಟ ತೆರೆಯಿತು. ಓದಿದ ಮರುದಿನವೇ ಎಡಗಣ್ಣಿನ ರೆಪ್ಪೆ ಅದುರತೊಡಗಿತು. ಅದರ ಮರುದಿನ ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಗುಟ್ಟಿತು. ಜೀವಶಾಸ್ತ್ರ ಓದಿದವಳು ನಾನು, ಔಲುವಿನಲ್ಲಿ ನಾಲ್ಕು ವರ್ಷ ನಿನ್ನ ಪಕ್ಕದಲ್ಲೇ ಕೂತು ಕಪ್ಪೆಯ ನರ ಬಿಡಿಸಿದವಳು. ಓದು ಯಾವುದಕ್ಕೂ ಬರಲಿಲ್ಲ. ಹೆದರಿಕೆಯನ್ನು ಇನ್ನಷ್ಟು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಲು ಬಂತು, ಅಷ್ಟೆ.

ಆರೋಗ್ಯ ಕೇಂದ್ರಕ್ಕೆ ಅತ್ತೆಯೂ ಬಂದರು. ಅಲ್ಲಿ ಈ ವರ್ಷ ಬಂದಿರುವ ಡಾಕ್ಟರು ಯಾರು ಗೊತ್ತೇ? ಕೆರೆಯಾಚೆಯ ಒಯ್ಕರಿನೆನ್ ಮನೆಯ ಕಿರಿಮಗ. ನಮ್ಮ ಲೆಂಪಿ ಅತ್ತೆಗೂ ಆ ಮನೆಯ ಹೆಂಗಸರಿಗೂ ಜೌಗಿನ ಹಿಲ್ಲಾ ಹಣ್ಣು ಯಾರು ಹೆಚ್ಚು ಕೀಳುತ್ತಾರೆ ಎಂಬ ವಿಷಯದಲ್ಲಿ ನಲವತ್ತು ವರ್ಷದ ಪೈಪೋಟಿ. ಆತ ಮೊಣಕಾಲು ತಟ್ಟಿ ನೋಡಿ ಕೇಳಿದ: “ಆ ವಾರ ಏನಾದ್ರೂ ಬೇರೆ ಥರದ ಕೆಲಸ ಮಾಡಿದ್ರಾ? ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದು, ಗಿಡ ಕಿತ್ತಿದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಮೊಣಕೈ ನನ್ನ ಪಕ್ಕೆಗೆ ತಾಗಿತು. “ಇವಳಾ? ಮಗು ನೋಡ್ಕೊಂಡು ಮನೇಲೇ ಇದ್ಲಪ್ಪ. ಹೊಸಿಲು ದಾಟಿಲ್ಲ.”

ನಾನೂ ಹೌದೆಂದು ತಲೆ ಆಡಿಸಿದೆ ಸೊಯ್ಲೆ! ಮದುವೆಯಾಗಿ ಮೂರು ವರ್ಷ ಕಾದ ಮೇಲೆ ಈ ಬೇಸಿಗೆಯಲ್ಲಿ ಅತ್ತೆ ನನ್ನನ್ನು ತಮ್ಮ ಜೌಗಿಗೆ ಕರೆದುಕೊಂಡು ಹೋಗಿದ್ದರು. ಸ್ವಂತ ಮಗಳಿಗೂ ತೋರಿಸದ ಜಾಗ. ಆಸ್ಕೊಗೆ ರಜೆ ಇತ್ತು, ಮಗು ಅವನ ಹತ್ತಿರ. ಚಪ್ಪಲಿ ಜಾರಿದ ಹಿಂದಿನ ಮೂರು ದಿನ, ಬೆಳಗಿನಿಂದ ಸಂಜೆವರೆಗೆ, ಹೊಂಬಣ್ಣದ ಹಣ್ಣು ಪಾಚಿಯ ಮೇಲೆಲ್ಲ ದೀಪ ಹಚ್ಚಿಟ್ಟ ಹಾಗಿತ್ತು. ಎದ್ದು ನಿಂತರೆ ಮಾತ್ರ ಬೈಗುಳ. “ಕೂತ್ಕೋ! ರಸ್ತೆಗೆ ತಲೆ ಕಾಣತ್ತೆ. ತಲೆ ಕಂಡ್ರೆ ನಾಳೆ ಇಡೀ ಊರೇ ಇಲ್ಲಿರತ್ತೆ.” ಅದಕ್ಕೇ ಕುಳ್ಳ ಪೈನ್ ಗಿಡಗಳ ಹಿಂದೆ ಕುಕ್ಕರಗಾಲಲ್ಲೇ, ಸೊಳ್ಳೆಗಳ ಮೋಡದೊಳಗೆ, ಕಪ್ಪೆಯ ಹಾಗೆ ಜರುಗುತ್ತಾ ಹೋಗಿದ್ದೆ. ಬಾಣಂತನದ ನಂತರ ಅಷ್ಟು ಖುಷಿಯಾಗಿ ಮೂರು ದಿನ ಕಳೆದದ್ದೇ ಇಲ್ಲ. ಇದನ್ನು ಒಯ್ಕರಿನೆನ್ ಮನೆಯವನಿಗೆ ಹೇಳುವುದು ಹೇಗೆ? ಕುಕ್ಕರಗಾಲು ಎಂದರೆ ಹಣ್ಣು ಎಂದು ಅವನಿಗೆ ತಿಳಿಯುತ್ತದೆ, ಹಣ್ಣು ಎಂದರೆ ಎಲ್ಲಿ ಎಂದು ಕೇಳುತ್ತಾನೆ.

ಕಾರಣವೇ ಇಲ್ಲದ ಕಾಲಿಗೆ ಡಾಕ್ಟರಾದರೂ ಏನು ಮಾಡಿಯಾನು? ಮುಖ ಗಂಭೀರ ಮಾಡಿಕೊಂಡು, ಔಲುವಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದ. ಆ ಮುಖ ನೋಡಿಯೇ ನಾನು ಅರ್ಧ ಸತ್ತೆ.

ಸ್ಕ್ಯಾನಿನವರೆಗಿನ ದಿನಗಳನ್ನು ಬರೆಯಲಾರೆ. ವೆನ್ಲಾ ನಿದ್ದೆ ಮಾಡುವಾಗ ಉಸಿರು ಎಣಿಸುತ್ತಿದ್ದೆ, ಅವಳದ್ದಲ್ಲ, ನನ್ನದು. ಒಂದು ಸಂಜೆ ಆಸ್ಕೊನನ್ನು ಕೇಳಿಯೇಬಿಟ್ಟೆ: “ನಾನು ಗಾಲಿಕುರ್ಚಿ ಸೇರಿದ್ರೆ ಏನ್ ಮಾಡ್ತೀಯ?”

ಕಾಫಿ ಕುಡಿದು ಮುಗಿಸುವವರೆಗೆ ಯೋಚಿಸಿದ. “ಸೌನಾಗೆ ಮೆಟ್ಟಿಲಿದೆ,” ಎಂದ.

ಅಷ್ಟೇ. ನನಗೆ ಕೋಪ ಬಂತು, ಹೋಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅಳತೆಪಟ್ಟಿ ಹಿಡಿದು ಆ ಹಬೆಸ್ನಾನದ ಮನೆಯ ಬಾಗಿಲಿನ ಅಗಲ ತೆಗೆಯುತ್ತಿದ್ದಾನೆ. ಪಕ್ಕದಲ್ಲಿ ಎರಡು ಹಲಗೆ. “ಇಳಿಜಾರು ಹಾಕಿದ್ರೆ ಆಯ್ತು. ಒಲೆ ಒಂದಿಷ್ಟು ಆಚೆ ಜರುಗಿಸ್ಬೇಕು. ನೀನು ಕೆಳಗಿನ ಹಲಗೆ ಮೇಲೆ ಕೂರ್ತೀಯ, ನಾನೂ ಕೆಳಗೇ ಕೂರ್ತೀನಿ.” ಮದುವೆಯ ದಿನ ಪಾದ್ರಿಯ ಮುಂದೆಯೂ ಅವನು ಇಷ್ಟು ಮಾತಾಡಿರಲಿಲ್ಲ. ಅಳುತ್ತಾ ನಕ್ಕೆನೋ, ನಗುತ್ತಾ ಅತ್ತೆನೋ. ಅವನು ಹಲಗೆಗೆ ಗುರುತು ಹಾಕುವುದು ನಿಲ್ಲಿಸಲಿಲ್ಲ.

ಔಲುವಿನಲ್ಲಿ ಆ ಕೊಳವೆಯೊಳಗೆ ಮಲಗಿದಾಗ ನಿನ್ನ ಮಾತು ನೆನಪಾಯಿತು. “ನೀನೊಬ್ಳು ಕಣೆ ವಿರ್ಪಿ, ಸೊಳ್ಳೆ ಕಚ್ಚಿದ್ರೂ ಉಯಿಲು ಬರೀತೀಯ.” ತಲೆ ಅಲ್ಲಾಡಿಸಬೇಡಿ ಎಂದು ನರ್ಸು ಎರಡು ಸಲ ಕೂಗಿದಳು. ನಗು ಬಂದಿತ್ತು.

ನಿನ್ನೆ ಫಲಿತಾಂಶ ಬಂತು. ತಲೆಯಲ್ಲಿ ಏನೂ ಇಲ್ಲ. (ಅತ್ತೆ: “ಅದು ನಮಗೆ ಮೊದ್ಲೇ ಗೊತ್ತಿತ್ತು.”) ಆದರೂ ಕಾಲು ಮಾತ್ರ ಹಾಗೇ ಇದೆ. ಡಾಕ್ಟರ್ ಒಯ್ಕರಿನೆನ್ ನನ್ನ ಮೊಣಕಾಲಿನ ಹೊರಬದಿಯಲ್ಲಿ, ಮೂಳೆ ಉಬ್ಬಿರುವ ಕಡೆ, ಒಂದೇ ಬೆರಳಿನಿಂದ ಒತ್ತಿದ. ಕಿರುಬೆರಳ ತುದಿಯವರೆಗೆ ಕರೆಂಟು ಹೊಡೆಯಿತು. ಕಿರುಚಿಕೊಂಡೆ.

ಅವನು ಕುರ್ಚಿಗೆ ಒರಗಿ ಕೈಕಟ್ಟಿದ. “ನೋಡಿ, ಈ ನರ ಇಲ್ಲಿ ಚರ್ಮಕ್ಕೇ ಅಂಟಿಕೊಂಡಿರತ್ತೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತ್ರೆ ಅದುಮಿ ಹೋಗತ್ತೆ. ಬಾಣಂತನ ಆಗಿ ಸಣ್ಣಗಾದವರಿಗೆ ಇನ್ನೂ ಬೇಗ. ಈ ಹಿಲ್ಲಾ ಕಾಲದಲ್ಲೇ ಇಂಥ ಕಾಲು ನಾಲ್ಕು ನೋಡಿದೀನಿ. ಈಗ ಹೇಳಿ, ನಿಜವಾಗ್ಲೂ ಮನೇಲೇ ಇದ್ರಾ?”

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಕಿಟಕಿಯ ಕಡೆ ನೋಡಿದರು. ಕೊನೆಗೆ ಅರವತ್ತೆರಡು ವರ್ಷದ ಆ ಹೆಂಗಸು ಕೈಚೀಲವನ್ನು ಎದೆಗೆ ಅವುಚಿಕೊಂಡು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಹೇಳಿದರು: “ಜೌಗಲ್ಲಿದ್ಲು. ಮೂರು ದಿನ. ನಾನೇ ಏಳ್ಬೇಡ ಅಂದಿದ್ದೆ. ಸುಳ್ಳು ಹೇಳಿದ್ದೂ ನಾನೇ, ಅವಳಲ್ಲ. ಯಾವ ಜೌಗು ಅಂತ ಮಾತ್ರ ಕೇಳ್ಬೇಡ, ಸತ್ರೂ ಹೇಳಲ್ಲ.”

“ನನಗ್ಯಾಕಮ್ಮ ಜೌಗು?” ಎಂದು ಅವನು ಬರೆಯತೊಡಗಿದ. ಬರೆಯುತ್ತಲೇ, ತಲೆ ಎತ್ತದೆ, “ಹಳೇ ಮರದ ಸೇತುವೆ ಎಡಕ್ಕೆ, ಎರಡು ಬಂಡೆ ಹಿಂದೆ ಇರೋದಲ್ವಾ?”

ಅತ್ತೆಯ ಮುಖ ಕೆಂಪು ಲಿಂಗನ್ ಹಣ್ಣಿನ ಬಣ್ಣಕ್ಕೆ ತಿರುಗಿತು.

“ನಮ್ಮಮ್ಮನೂ ಅಲ್ಲಿಗೇ ಹೋಗೋದು. ನಿಮಗಿಂತ ಎರಡು ದಿನ ಮುಂಚೆ. ತಲೆ ಕಾಣಬಾರ್ದು ಅಂತ ಕೂತೇ ಕೀಳ್ತಾರೆ. ಅವರ ಕಾಲೂ ಹೀಗೇ ಆಗಿದೆ.”

ವಾಪಸು ಬರುವಾಗ ಅತ್ತೆ ಮನೆಯ ತಿರುವಿನಲ್ಲಿ ಕಾರು ನಿಲ್ಲಿಸಿದರು. “ಎರಡು ದಿನ ಮುಂಚೆ! ಕಾಯಿ ಕೀಳ್ತಾಳೆ ಹಾಗಾದ್ರೆ ಆ ಮುದುಕಿ!” ಎಂದು ಸ್ಟಿಯರಿಂಗಿಗೆ ಬಡಿದರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, “ಮೊದ್ಲೇ ಹೇಳ್ಬೇಕಿತ್ತು ಮಗಳೇ. ನಿನ್ನ ಕಾಲಿಗಿಂತ ಹಣ್ಣು ಹೆಚ್ಚಾಯ್ತು ನನಗೆ,” ಎಂದರು. ಅವರು ನನ್ನನ್ನು ಮಗಳೇ ಎಂದದ್ದು ಇದೇ ಮೊದಲು. ಇಬ್ಬರೂ ಕಾರಿನಲ್ಲೇ ಕೂತು ನಗುತ್ತಾ ಅತ್ತೆವು. ಪೋಸ್ಟಿನವನು ಸೈಕಲ್ ನಿಲ್ಲಿಸಿ ಯಾರು ಸತ್ತರು ಎಂದು ಕೇಳಿದ.

ಯಾರೂ ಸತ್ತಿಲ್ಲ! ಎರಡು ಮೂರು ತಿಂಗಳಲ್ಲಿ ಪಾದ ಸರಿಹೋಗುತ್ತದಂತೆ. ಅಲ್ಲಿಯವರೆಗೆ ಪಾದ ಎತ್ತಿ ಹಿಡಿಯುವ ಪಟ್ಟಿ ಹಾಕಿಕೊಳ್ಳಬೇಕು. ನಿನ್ನೆಯೇ ಕಟ್ಟಿದರು, ಈಗ ಬಾತುಕೋಳಿ ನಡಿಗೆ ಇಲ್ಲ. ಕುಕ್ಕರಗಾಲು ಬೇಡ, ಕಾಲ ಮೇಲೆ ಕಾಲು ಹಾಕುವುದೂ ಬೇಡ. ಕಣ್ಣಿನ ರೆಪ್ಪೆ? “ದಿನಕ್ಕೆ ಎಷ್ಟು ಕಾಫಿ?” ಎಂದ. ಒಂಬತ್ತು ಎಂದೆ. ಬೆರಳಿನ ಇರುವೆ? “ನಿದ್ದೆಗೆಟ್ಟು ಹೆದರಿದ ಮೈ ಏನೇನೋ ಮಾತಾಡತ್ತೆ. ಎಲ್ಲದಕ್ಕೂ ನನ್ನ ಹತ್ರ ಹೆಸರಿಲ್ಲ. ಮಲಗಿ.”

ರಾತ್ರಿ ಸೌನಾ ಕಾಯಿಸಿದರು. ಆಸ್ಕೊನ ಇಳಿಜಾರು ತಯಾರಾಗಿದೆ. ಬೇಡವಾಯಿತಲ್ಲ, ಕೀಳು ಎಂದರೆ, “ಮಗುವಿನ ಗಾಡಿಗೆ ಆಗತ್ತೆ,” ಎಂದ. ಆಮೇಲೆ ಬಿಸಿ ಕಾಫಿಗೆ ಗಿಣ್ಣಿನ ತುಂಡು ಹಾಕಿ, ಮೇಲೆ ಅದೇ ಪಾಪಿಷ್ಠ ಹಿಲ್ಲಾ ಸುರಿದು ತಿಂದೆವು. ವೆನ್ಲಾ ಒಂದು ಹಣ್ಣು ಬಾಯಲ್ಲಿಟ್ಟು, ಮುಖ ಕಿವುಚಿ, ಇನ್ನೊಂದಕ್ಕೆ ಕೈ ಚಾಚಿದಳು. “ನಮ್ಮ ಜೌಗಿನ ಹುಡುಗಿ,” ಎಂದರು ಅತ್ತೆ. ಬದುಕಿರುವುದು ಎಷ್ಟು ರುಚಿ, ಸೊಯ್ಲೆ.

ನಿನ್ನ ಮೂವರು ಗಂಡುಮಕ್ಕಳಿಗೂ ನನ್ನ ಮುತ್ತು. ಅವರ ಶಾಲೆ ಶುರುವಾಯಿತೇ? ನಿನ್ನ ಬೇಕರಿಯ ಒಲೆ ಎಂದೂ ಆರದಿರಲಿ, ಸೊಂಟ ನೋಯದಿರಲಿ. ಮನೆಯಲ್ಲಿ ನೀವೆಲ್ಲ ಚೆನ್ನಾಗಿರಿ.

ನಿನ್ನ
ವಿರ್ಪಿ

ತಾ.ಕ.: ಮೇಲಿನದೆಲ್ಲ ನಿಜ. ಒಂದನ್ನು ಬಿಟ್ಟಿದ್ದೇನೆ. ಡಾಕ್ಟರಿಗೂ ಹೇಳಿಲ್ಲ, ಆಸ್ಕೊಗೂ ಹೇಳಿಲ್ಲ.

ಜುಲೈ ಮೂವತ್ತೊಂದರ ಭಾನುವಾರ, ಎಲ್ಲರೂ ಕೆರೆಯ ದಂಡೆಯಲ್ಲಿದ್ದಾಗ, ನಾನು ವೆನ್ಲಾಳನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲು ಇಳಿಯುತ್ತಿದ್ದೆ. ಎಡಗಾಲಿನ ಬೆರಳು ಮೆಟ್ಟಿಲ ಹಲಗೆಗೆ ತಗುಲಿತು, ಬಿದ್ದೆ. ಅವಳು ನನ್ನ ಕೈತಪ್ಪಿ ಪಾಚಿಯ ಮೇಲೆ ಉರುಳಿದಳು. ಒಂದು ಗೀರೂ ಇಲ್ಲ. ಅಳಲೂ ಇಲ್ಲ, ಸುಮ್ಮನೆ ನನ್ನನ್ನೇ ನೋಡಿದಳು. ಅವಳ ತಲೆಯಿಂದ ಒಂದು ಬೆರಳಗಲ ಆಚೆಗೆ ಬೂಟು ಕೆರೆಯುವ ಕಬ್ಬಿಣದ ಪಟ್ಟಿ ಇತ್ತು.

ಅಂದಿನಿಂದ ಹದಿನೆಂಟು ದಿನ ನಾನು ನಿಂತುಕೊಂಡು ಮಗುವನ್ನು ಎತ್ತಿಲ್ಲ. ಕೂತಿರುತ್ತೇನೆ, ಯಾರಾದರೂ ತಂದು ಮಡಿಲಿಗೆ ಹಾಕುತ್ತಾರೆ. ಪಾಪ, ಕಾಲುನೋವು ಎಂದುಕೊಂಡಿದ್ದಾರೆ. ದೊಡ್ಡ ಕಾಯಿಲೆ ಆಗಿದ್ದರೆ ಅದರ ಮೇಲೆ ಹೊರಿಸುತ್ತಿದ್ದೆ. ನಿನ್ನೆ ಅದು ಅಲ್ಲ ಎಂದಾಗ, ಎಲ್ಲರೂ ಕುಣಿಯುವಾಗ, ಒಳಗೆ ಒಂದು ಕ್ಷಣ ನಿರಾಸೆಯಾಯಿತು ಸೊಯ್ಲೆ. ನನಗೆ! ಹಣ್ಣಿನ ಖುಷಿಗೆ ಕಾಲು ಕೆಡಿಸಿಕೊಂಡು, ಅದನ್ನು ಮುಚ್ಚಿಟ್ಟು, ಆ ಕಾಲಲ್ಲೇ ಮಗುವನ್ನು ಬೀಳಿಸಿದವಳು ನಾನೇ ಎಂದಾಯಿತಲ್ಲ.

ನಾಳೆ ಶುಕ್ರವಾರ ಬೆಳಿಗ್ಗೆ ಆರಕ್ಕೆ ಆಸ್ಕೊ ಮರದ ಲಾರಿ ತೆಗೆದುಕೊಂಡು ಹೊರಡುತ್ತಾನೆ. ಅದೇ ಲಾರಿಯಲ್ಲಿ ಅತ್ತೆ ಮಗಳ ಮನೆಗೆ. ಭಾನುವಾರದವರೆಗೆ ಮನೆಯಲ್ಲಿ ನಾನು, ವೆನ್ಲಾ ಇಬ್ಬರೇ. ಹೋಗಬೇಡಿ ಎನ್ನಲು ಬಾಯಿ ಬರುತ್ತಿಲ್ಲ. ಯಾಕೆ ಎಂದು ಕೇಳುತ್ತಾರೆ.

ಈ ಕಾಗದವನ್ನು ಇವತ್ತು ಏಳರ ಬಸ್ಸು ಓಡಿಸುವ ನಿನ್ನ ಚಿಕ್ಕಪ್ಪನ ಕೈಗೇ ಕೊಡುತ್ತೇನೆ, ಸಂಜೆಯೊಳಗೆ ನಿನಗೆ ತಲುಪಿಸುತ್ತಾನೆ. ನಾನೇ ಫೋನ್ ಮಾಡಿದರೆ ನಾನು ಮಾತಾಡಬೇಕಾಗುತ್ತದೆ, ಹಜಾರದ ಪಕ್ಕದಲ್ಲೇ ಅತ್ತೆ ಮಲಗುತ್ತಾರೆ. ನೀನು ಮಾಡು. ನೀನು ಮಾತಾಡು, ನಾನು ಹೂಂ ಅನ್ನುತ್ತೇನೆ. ಬೇಕರಿಯಲ್ಲಿ ಹಿಟ್ಟು ನಾದುವ ಹೊತ್ತಿಗೆ, ರಾತ್ರಿ ಎರಡು ಗಂಟೆಗೋ ಮೂರಕ್ಕೋ, ಎಷ್ಟೊತ್ತಿಗಾದರೂ ಮಾಡು. ಫೋನಿನ ಉದ್ದದ ತಂತಿ ಎಳೆದುಕೊಂಡು ತೊಟ್ಟಿಲ ಪಕ್ಕದಲ್ಲೇ ಕೂತಿರುತ್ತೇನೆ. ಮೂವರನ್ನು ಬೆಳೆಸಿದವಳು ನೀನು, ನಿನ್ನ ಕೈಯಿಂದಲೂ ಯಾರಾದರೂ ಜಾರಿರಬೇಕು, ಜಾರಿಲ್ಲದಿದ್ದರೆ ಸುಳ್ಳಾದರೂ ಹೇಳು. ಬೈಯಿ ಬೇಕಾದರೆ. ಆಮೇಲೆ “ಏಳೇ, ಎತ್ಕೊಳೇ ಅವಳನ್ನ” ಅಂತ ಒಂದು ಸಲ ಜೋರಾಗಿ ಹೇಳು. ನೀನು ಆ ಕಡೆ ಇರುವಾಗಲೇ ಎದ್ದು ನಿಂತು ಎತ್ತಿಕೊಳ್ಳುತ್ತೇನೆ. ನಾಳೆ ಬೆಳಗಾಗುವುದರೊಳಗೆ ಫೋನ್ ಮಾಡು ಸೊಯ್ಲೆ, ದಮ್ಮಯ್ಯ, ಆರು ಗಂಟೆಗೆ ಮುಂಚೆ ಮಾಡು.