ನಾನೇ ತುಳಿದ ಜಾಗ

ಮಾರ್ಚ್ ೧೪, ಮಂಗಳವಾರ

ಇವತ್ತೂ ಕಬ್ಬಿನ ಸಾಲುಗಳ ನಡುವೆ, ಮಣ್ಣಿನ ಗಡಸು ಅಳೆಯುವ ಸರಳು ಅರ್ಧದಲ್ಲೇ ನಿಂತಿತು. ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮೊದಲ ಸಲ ಇದೇ ಜಾಗ ಬೆಣ್ಣೆಯಂತಿತ್ತು. ಟ್ರ್ಯಾಕ್ಟರ್ ಈ ಕಡೆ ತಲೆಯೂ ಹಾಕಿಲ್ಲ. ಬಗ್ಗಿ ನೋಡಿದರೆ ನನ್ನದೇ ಬೂಟಿನ ಗುರುತು. ವಾರವಾರ ಬಂದು, ಅಲ್ಲೇ ನಿಂತು, ತುಳಿದು ತುಳಿದು ನೆಲ ಗಟ್ಟಿ ಮಾಡಿದವಳು ನಾನೇ.

ಈ ಅಳತೆಯ ಕೆಲಸ ಕೊಟ್ಟ ಸಾಹೇಬರಿಗೆ ಫೋನ್ ಮಾಡಿದೆ. "ಸರ್, ನಾನು ನನ್ನ ತುಳಿತವನ್ನೇ ಅಳೀತಿದ್ದೀನಿ. ಜಾಗ ಬದಲಾಯಿಸೋಣ."

"ನಡುವೆ ಬದಲಾಯಿಸಿದ್ರೆ ಹೋಲಿಸೋದು ಹೇಗಮ್ಮಾ? ಕಟಾವಿನ ತನಕ ಅಲ್ಲೇ ಅಳೀತಾ ಇರು."

ಕಬ್ಬು ತಲೆ ಮೀರಿದೆ. ಒಳಗೆ ನಿಂತರೆ ಆಕಾಶವೂ ಒಂದು ಸೀಳಿನಷ್ಟೇ. ಗರಿ ಕೊಯ್ದ ಕತ್ತು ಈಗಲೂ ಉರಿಯುತ್ತಿದೆ.

ಮುಂದಿನ ವಾರ ತುದಿಗಾಲಲ್ಲಿ ನಿಲ್ಲಲೇ? ಆಗ ಇದೇ ಭಾರ ಇನ್ನೂ ಚಿಕ್ಕ ಜಾಗಕ್ಕೆ ಬೀಳುತ್ತದೆ. ಹೋಗದೆ ಇರುವಂತಿಲ್ಲ, ಹೋದರೆ ಅಳೆಯಬೇಕಾದ ನೆಲವನ್ನೇ ಇನ್ನಷ್ಟು ಗಟ್ಟಿ ಮಾಡಿ ಬರುತ್ತೇನೆ.